ಕೆರೆಗೆ ಯಾರ ಮನೆಯ ಹೆಪ್ಪು

ನಮ್ಮೂರಿನ ಮಕ್ಕಳಿಗೆ ನಡೆಯುವುದನ್ನು ಕಲಿಸುವಾಗಲೇ ಇನ್ನೊಂದನ್ನೂ ಕಲಿಸಿಬಿಡುತ್ತಾರೆ. ಚಳಿಗಾಲದಲ್ಲಿ ಕೆರೆಯ ಮೇಲೆ ಕಾಲಿಡಬಾರದು. ಮುಳುಗುತ್ತೀಯೆಂದು ಯಾರೂ ಹೆದರಿಸುವುದಿಲ್ಲ. ಮುಳುಗುವುದೂ ಇಲ್ಲ, ಎತ್ತಿನ ಗಾಡಿ ಹೊಡೆದರೂ ತಡೆಯುವಷ್ಟು ಗಟ್ಟಿಯಾಗಿರುತ್ತದೆ. "ಮೊಸರಿಗೆ ಕಾಲಿಡ್ತಾರೇನೇ?" ಎನ್ನುತ್ತಾರೆ, ಅಷ್ಟೆ. ಮಗು ಕೂಡಲೇ ಕಾಲು ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ದೋಣಿಗಳನ್ನು ದಡಕ್ಕೆಳೆದು ಕೆಲವು ದಿನಗಳಾದ ಮೇಲೆ, ಚಳಿ ಮೊದಲ ಸಲ ಮೂಗಿನ ತುದಿಗೆ ತಾಗಿದ ಸಂಜೆ, ಆ ವರ್ಷದ ಸರದಿ ಯಾವ ಮನೆಯದೋ ಆ ಮನೆಯ ಹೆಂಗಸು ದೋಣಿಕಟ್ಟೆಯ ಮೆಟ್ಟಿಲಿಳಿದು, ಒಂದು ಚಮಚ ಹೆಪ್ಪನ್ನು ಕೆರೆಗೆ ಹಾಕಿ, ಹಿಂದಿರುಗಿ ನೋಡದೆ ಮನೆಗೆ ಬರುತ್ತಾಳೆ. ಬೆಳಗಾಗುವುದರೊಳಗೆ ಕೆರೆ ಈ ದಡದಿಂದ ಆ ದಡದವರೆಗೆ ಹೆಪ್ಪುಗಟ್ಟಿ, ಮೇಲೆ ದಪ್ಪನೆಯ ಕೆನೆ ಕಟ್ಟಿಕೊಂಡು ಮಲಗಿರುತ್ತದೆ. ಆಮೇಲೆ ಬಿಸಿಲು ಬಲಿತು ಹೊಂಗೆ ಚಿಗುರಿದಾಗ ಅದೇ ಹೆಂಗಸು ಕಡಗೋಲು ಹಿಡಿದು ಬಂದು, ಅಂಚಿನಲ್ಲಿ ಊರಿ ಆಚೆಗೊಮ್ಮೆ ಈಚೆಗೊಮ್ಮೆ ತಿರುವುತ್ತಾಳೆ. ಕೆನೆ ಬಿರಿಯುತ್ತದೆ, ನೀರು ನೀರಾಗುತ್ತದೆ. ಇದಕ್ಕೆ ನಮ್ಮಲ್ಲಿ ಕೆರೆ ಬಿಡುವುದು ಎನ್ನುತ್ತಾರೆ. ಅವತ್ತಿನಿಂದ ದೋಣಿಗಳು ಇಳಿಯುತ್ತವೆ. ಹೆಪ್ಪು ಯಾರ ಮನೆಯದೋ ಅವರ ಕೈಗಲ್ಲದೆ ಬೇರೆ ಕೈಗೆ ಕೆರೆ ಬಿಡುವುದಿಲ್ಲ. ಇಷ್ಟೇ ನಿಯಮ. ಈ ವರ್ಷದವರೆಗೆ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ನನ್ನನ್ನು ಸಾಕಿದ್ದು ಅಜ್ಜಿ. ಅಮ್ಮ ಹೋದಾಗ ನಾನು ತೀರ ಸಣ್ಣವಳು. ಅಪ್ಪ ಹಗಲೆಲ್ಲ ದೋಣಿಗಳಿಗೆ ಹುಟ್ಟು ಕೆತ್ತುತ್ತ ಕೂತರೆ, ಅಜ್ಜಿ ನನಗೆ ಅನ್ನಕ್ಕಿಂತ ಹೆಚ್ಚಾಗಿ ಕಥೆಗಳನ್ನು ತಿನ್ನಿಸಿದಳು. ಅವಳ ಕಥೆಗಳಲ್ಲಿ ಉತ್ತರಗಳು ಯಾವಾಗಲೂ ದೂರದಿಂದ ಬರುತ್ತಿದ್ದವು. ಹಂಸದ ಕೊರಳಿಗೆ ಕಟ್ಟಿಕೊಂಡು, ಮೀನಿನ ಹೊಟ್ಟೆಯಲ್ಲಿ ಕೂತುಕೊಂಡು. ಹಾಗಾಗಿ ನಾನು ಹತ್ತಿರದ್ದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಲೇ ಇಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತ ಇನ್ನೊಮ್ಮೆ ಹಾಕುತ್ತೇನೆ. ಹಾಲು ಉಕ್ಕುವುದನ್ನು ಉಕ್ಕುತ್ತಿರುವಾಗಲೇ ನೋಡುತ್ತ, ಎಷ್ಟು ಚಂದ ಉಕ್ಕುತ್ತಿದೆ ಅಂದುಕೊಳ್ಳುತ್ತೇನೆ. "ವನಮಾಲೆ ಅಂತ ಹೆಸರಿಟ್ಟಿದ್ದೇ ತಪ್ಪಾಯ್ತು ಕಣಮ್ಮ, ಮನೇಲಿ ಇರೋದೇ ಇಲ್ಲ ಇವಳು" ಎಂದು ಅಪ್ಪ ಅಜ್ಜಿಯ ಹತ್ತಿರ ಹೇಳುತ್ತಾನೆ, ನಾನು ಎದುರಿಗೆ ಕೂತಿರುವಾಗಲೇ.

ಆಚೆ ದಡದ ನೀಲಕಂಠ ಹತ್ತಿರದವನಲ್ಲ, ಅದಕ್ಕೇ ನನ್ನ ಕಣ್ಣಿಗೆ ಬಿದ್ದಿರಬೇಕು. ಅವನು ದೋಣಿಯ ಹಲಗೆಗಳ ಸಂದಿಗೆ ಹತ್ತಿ ತುಂಬಿ ರಾಳ ಬಳಿಯುವವನು. ಹುಟ್ಟು ಕೊಳ್ಳಲು ನಮ್ಮ ಮನೆಗೆ ಬರುತ್ತಿದ್ದ. ಕೊಂಡು ಹೋದ ಹುಟ್ಟುಗಳು ಅವನ ಕೈಯಲ್ಲಿ ಎಷ್ಟು ಬೇಗ ಮುರಿಯುತ್ತಿದ್ದವೆಂದರೆ, ಅಪ್ಪ ತನ್ನ ಮರದ ಬಗ್ಗೆಯೇ ಅನುಮಾನಪಟ್ಟ. ಮಾತು ಮಾತ್ರ ಬಹಳ ಕಡಿಮೆ. ಬಾಯಲ್ಲೂ ಹತ್ತಿ ತುಂಬಿ ರಾಳ ಬಳಿದುಕೊಂಡಿದ್ದಾನೆ ಎಂದು ಅಜ್ಜಿ ಹೇಳುತ್ತಿದ್ದಳು. ಒಮ್ಮೆ ಕಟ್ಟೆಯಲ್ಲಿ ನಾನೇ ಬಾಯಿಬಿಟ್ಟು, ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದಾರೆ ಎಂದೆ. ಅವನು ಬಹಳ ಹೊತ್ತು ನೀರು ನೋಡಿ, "ಅಮ್ಮಂಗೆ ಹೇಳ್ತೀನಿ" ಎಂದ.

ದೋಣಿಗಾಲದ ಕೊನೆಯ ದಿನ ಅಜ್ಜಿ ಸೊಂಟದೆಣ್ಣೆ ತರಲು ಆಚೆ ದಡಕ್ಕೆ ಹೊರಟಾಗ ನಾನೂ ಜೊತೆಗೆ ಹೋದೆ. ಎಣ್ಣೆಯ ಅಂಗಡಿಗೆ ಹೋಗುವ ದಾರಿಯಲ್ಲೇ ನೀಲಕಂಠನ ಮನೆ. ಅವನ ತಾಯಿ ತಿಮ್ಮಾಜಮ್ಮ ಎತ್ತರದ ಹೆಂಗಸು, ಕುಂಟುತ್ತ ನಡೆದರೂ ಸೈನ್ಯದ ಮುಂದೆ ನಡೆದ ಹಾಗೆ ನಡೆಯುತ್ತಾಳೆ. ನಮ್ಮನ್ನು ಕರೆದು ಜಗುಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಮೊಸರಿಗೆ ಹೆಪ್ಪು ಹಾಕೋಕೆ ಬರುತ್ತೇನಮ್ಮ ನಿಂಗೆ?"

ಅವರ ಸೂರಿನ ಮೇಲೆ ಒಂದು ಮೋಡ ಕೋಳಿಯ ಹಾಗೆ ಕಾವಿಗೆ ಕೂತಿತ್ತು. ನಾನು ಅದನ್ನು ನೋಡುತ್ತ, "ಬರುತ್ತೆ. ಆದ್ರೆ ಮರೀತೀನಿ" ಎಂದುಬಿಟ್ಟೆ.

ಅಜ್ಜಿ ನನ್ನ ತೊಡೆ ಚಿವುಟಿದಳು. ತಿಮ್ಮಾಜಮ್ಮ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಒಳಗೆ ಹೋಗಿ, ಅಂಗೈಯಲ್ಲಿ ಹಿಡಿಸುವಂಥ ಒಂದು ಕರೀ ಗಡಿಗೆ ತಂದು ನನ್ನ ಮಡಿಲಿಗಿಟ್ಟಳು. ಅದರ ಕಂಠದ ಸುತ್ತ ಬಿಳಿಯ ಚುಕ್ಕೆಗಳಿದ್ದವು. ಒಳಗೆ ಅರ್ಧದಷ್ಟು ಗಟ್ಟಿ ಮೊಸರು. "ನಮ್ಮತ್ತೆ ಕಾಲದ ಹೆಪ್ಪು. ಹುಷಾರಾಗಿ ತಗೊಂಡೋಗು" ಎಂದಳು.

ದೋಣಿ ಹತ್ತಿಸಲು ನೀಲಕಂಠ ಬಂದ. ಅಜ್ಜಿ ದೋಣಿಯವನ ಹತ್ತಿರ ಜಗಳವಾಡುತ್ತಿದ್ದಾಗ ನಾನು ಮೆಲ್ಲಗೆ, "ನಿಮ್ಮಮ್ಮ ಏನಂದ್ರು?" ಎಂದು ಕೇಳಿದೆ.

"ಕೊಟ್ಟಿದ್ದಾಳಲ್ಲ" ಎಂದ ಅವನು.

ನಾನು ಗಡಿಗೆಯನ್ನೇ ಮಡಿಲಲ್ಲಿಟ್ಟುಕೊಂಡು, ಪಾಪ, ನಾಚಿಕೆಗೆ ಮಾತು ತಿರುಗಿಸಿ ಮೊಸರಿನ ವಿಷಯ ಎತ್ತುತ್ತಿದ್ದಾನೆ ಅಂದುಕೊಂಡೆ. ದೋಣಿ ಸರಿದಾಗ ಅವನು ಇನ್ನೊಂದು ಮಾತು ಹೇಳಿದ. "ಮೊದಲ ದೋಣಿಗೆ ಬರ್ತೀವಿ."

ಆ ಮಾತನ್ನು ಚಳಿಗಾಲವಿಡೀ ಹೊದ್ದುಕೊಂಡು ಕೂತೆ. ಬರುತ್ತೇವೆ ಎಂದ, ಸರಿ. ಬಂದು ಏನು ಹೇಳುತ್ತಾರೆ? ಹೂಂ ಅಂತಲೋ, ಊಹೂಂ ಅಂತಲೋ? ಊಹೂಂ ಅನ್ನುವುದಕ್ಕೆ ಯಾರಾದರೂ ದೋಣಿ ಹತ್ತಿ ಬರುತ್ತಾರೆಯೇ? ಅಜ್ಜಿಯನ್ನು ಕೇಳಿದರೆ, "ನನ್ನ ಕಥೇಲಾದ್ರೆ ಹೇಳ್ತಿದ್ದೆ ಕಣೇ. ಇದು ನಿಂದು" ಎಂದಳು. ಆ ದಡದಲ್ಲಿ ನೀಲಕಂಠನ ಮನೆಯ ಮುಂದೆ ಒಂದು ಕಂಬ ಕಾಣುತ್ತಿತ್ತು, ಅದರ ತುದಿಯಲ್ಲಿ ಒಂದು ಕಾಗೆ. ಬೆಳಗ್ಗೆ ನೋಡಿದರೂ ಅಲ್ಲೇ, ಸಂಜೆ ನೋಡಿದರೂ ಅಲ್ಲೇ. ಆ ಕಾಗೆಗೆ ನಾನೊಂದು ಕಥೆ ಕಟ್ಟಿದೆ. ಅದು ಹಿಂದಿನ ಜನ್ಮದಲ್ಲಿ ದೋಣಿಯವನಾಗಿತ್ತು, ಯಾರಿಗೋ ಏನೋ ಸುದ್ದಿ ತಲುಪಿಸುವುದನ್ನು ಮರೆತಿತ್ತು, ಈಗ ನೆನಪಾಗುವವರೆಗೆ ಕದಲುವ ಹಾಗಿಲ್ಲ. ಕಥೆ ಎಷ್ಟು ಚೆನ್ನಾಗಿ ಬಂತೆಂದರೆ ಅಜ್ಜಿ ಎರಡು ಸಲ ಹೇಳಿಸಿಕೊಂಡಳು.

ಇತ್ತ ದೋಣಿ ಸಂಘದ ಅಧ್ಯಕ್ಷರಾದ ವೀರಭದ್ರಯ್ಯನವರು ತಮ್ಮ ಅಕ್ಕನ ಮಗ ಲೋಕನಾಥನಿಗೆ ನನ್ನನ್ನು ಕೇಳಿದರು. ಲೋಕನಾಥ ಕೆಟ್ಟವನಲ್ಲ. ಮಳೆಯಿರಲಿ ಬಿಸಿಲಿರಲಿ ಕೊಡೆ ಹಿಡಿದು ಓಡಾಡುತ್ತಾನೆ, ನಗುತ್ತಾನೆ, ಉಣ್ಣುತ್ತಾನೆ. ಉಣ್ಣುವುದರಲ್ಲಿ ಮಾತ್ರ ಅವನಿಗೆ ಸಮನಾದವರು ಈ ದಡದಲ್ಲಿಲ್ಲ. ಅಪ್ಪನಿಗೆ ಅಧ್ಯಕ್ಷರನ್ನು ಎದುರು ಹಾಕಿಕೊಳ್ಳುವ ಧೈರ್ಯವಿಲ್ಲ, ಸಂಘದ ಹುಟ್ಟುಗಳನ್ನೆಲ್ಲ ಕೆತ್ತುವವನು ಅವನೇ. ನನ್ನ ಮುಖ ನೋಡಿ ಒಪ್ಪುವ ಧೈರ್ಯವೂ ಇಲ್ಲ. ಕೊನೆಗೆ ಅವನು ಒಂದು ಗಡುವು ಇಟ್ಟ. "ಆಚೆ ದಡದೋರು ಬರ್ತೀವಿ ಅಂದಿದ್ದಾರಂತೆ. ನಮ್ಮ ಬಾಗಿಲ ಹೊಂಗೆ ಹೂ ಉದುರೋದ್ರೊಳಗೆ ಬಂದ್ರೆ ಅವರ ಮಾತು ಕೇಳಾಣ. ಬರಲಿಲ್ವೋ, ಲೋಕನಾಥಂಗೆ ಹೂಂ ಅಂದೆ ಅಂತಲೇ ತಿಳ್ಕೊಳ್ಳಿ."

ಪ್ರತಿ ವರ್ಷ ಕೆರೆ ಬಿಟ್ಟು ದೋಣಿ ಓಡಾಟ ಹಳತಾದ ಮೇಲೆಯೇ ಹೊಂಗೆ ಹೂ ಉದುರುವುದು. ಅಪ್ಪ ನನ್ನ ಪರವಾಗಿಯೇ ಗಡುವು ಇಟ್ಟಿದ್ದ ಅಂತ ನನಗೆ ಗೊತ್ತಾಯಿತು. ಅಧ್ಯಕ್ಷರಿಗೂ ಗೊತ್ತಾಯಿತು, ಆದರೆ ಮರಕ್ಕೆ ಗಡುವು ಕೊಟ್ಟವನ ಹತ್ತಿರ ಏನೆಂದು ಜಗಳವಾಡುವುದು?

ಬಿಸಿಲು ಬಂತು. ಹೊಂಗೆ ಚಿಗುರಿತು. ಈ ವರ್ಷ ಹೆಪ್ಪಿನ ಸರದಿ ಅಧ್ಯಕ್ಷರ ಹೆಂಡತಿ ಸಾಕಮ್ಮನವರದು. ಅವರು ರೇಷ್ಮೆ ಸೀರೆ ಉಟ್ಟು, ಬೆಳ್ಳಿಯ ಕಟ್ಟು ಹಾಕಿದ ಕಡಗೋಲು ಹಿಡಿದು, ವಾಲಗದವರನ್ನು ಮುಂದಿಟ್ಟುಕೊಂಡು ಕಟ್ಟೆಗೆ ಬಂದರು. ಕಡಗೋಲು ಊರಿದರು, ತಿರುವಿದರು. ಕೆರೆ ಸುಮ್ಮನಿತ್ತು. ಇನ್ನೊಮ್ಮೆ ತಿರುವಿದರು. ಕೆರೆ ಇನ್ನೂ ಸುಮ್ಮನಿತ್ತು. ವಾಲಗದವರು ಉಸಿರಿರುವಷ್ಟು ಹೊತ್ತು ಊದಿ, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡು ನಿಲ್ಲಿಸಿದರು.

"ಇನ್ನೂ ಚಳಿ ಹೋಗಿಲ್ಲ" ಎಂದರು ಅಧ್ಯಕ್ಷರು, ಬೆವರು ಒರೆಸಿಕೊಳ್ಳುತ್ತ.

ಚಳಿ ಹೋಗಿ ಎಷ್ಟೋ ದಿನವಾಗಿತ್ತು. ನಾಯಿಗಳು ನೆರಳು ಹುಡುಕುತ್ತಿದ್ದವು. ಆದರೂ ಕೆರೆಯ ಕೆನೆ ಒಂದು ಎಳೆ ಕರಗಲಿಲ್ಲ. ಬಣ್ಣ ಬಳಿದು ಸಾಲಾಗಿ ನಿಲ್ಲಿಸಿದ ದೋಣಿಗಳ ಬೆನ್ನ ಮೇಲೆ ಹೆಂಗಸರು ಹಪ್ಪಳ ಒಣಹಾಕಿದರು. ದೋಣಿಯವರು ಮನೆಯಲ್ಲಿ ಕೂರಲಾಗದೆ ನೆಲದ ಮೇಲಿದ್ದ ದೋಣಿಗಳಲ್ಲೇ ಹೋಗಿ ಕೂತು, ಹಾದು ಹೋಗುವವರನ್ನು "ಬನ್ನಿ ಬನ್ನಿ, ಜಾಗ ಐತೆ" ಎಂದು ಅಭ್ಯಾಸಬಲದಿಂದ ಕೂಗುತ್ತಿದ್ದರು. ಕೆಲವರು ಹತ್ತಿ ಕೂತು, ಸ್ವಲ್ಪ ಹೊತ್ತು ಊರಿನ ಮಾತಾಡಿ, ಇಳಿದು ಹೋಗುತ್ತಿದ್ದರು. ಆಚೆ ದಡದ ತವರಿಗೆ ಬಾಣಂತನಕ್ಕೆ ಹೋಗಬೇಕಿದ್ದ ಒಬ್ಬಳು ಗಂಡನ ಮನೆಯಲ್ಲೇ ಹೆತ್ತಳು. ಅವಳ ಅತ್ತೆಗೆ ಬಾಣಂತಿಯ ಅಡುಗೆ ಮಾಡಿ ಮಾಡಿ ಬುದ್ಧಿ ಬಂತಂತೆ.

ನಮ್ಮ ಹೊಂಗೆ ಮಾತ್ರ ಯಾರ ದಾರಿಯನ್ನೂ ಕಾಯಲಿಲ್ಲ, ಹೂ ಉದುರಿಸಲು ಶುರುಮಾಡಿತು. ಅಪ್ಪ ಏಳುವ ಮೊದಲೇ ಅಜ್ಜಿ ಎದ್ದು, ಬಿದ್ದ ಹೂವನ್ನೆಲ್ಲ ಗುಡಿಸಿ ಹಿತ್ತಲ ಗುಂಡಿಗೆ ಸುರಿದು, ಏನೂ ಆಗದವಳ ಹಾಗೆ ಒಲೆ ಮುಂದೆ ಕೂತಿರುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ಮರ ನೋಡಿ, "ಈ ವರ್ಷ ಇನ್ನೂ ಉದುರ್ತಾನೇ ಇಲ್ಲವಲ್ಲಮ್ಮ" ಎನ್ನುತ್ತಿದ್ದ.

"ಕೆರೇನೇ ಬಿಟ್ಟಿಲ್ಲ, ಹೂವಿಗೇನು ಅವಸರ?" ಎನ್ನುತ್ತಿದ್ದಳು ಅಜ್ಜಿ. ಅವಳ ಮುಡಿಯಲ್ಲೇ ಒಂದೆರಡು ಹೂ ಸಿಕ್ಕಿಕೊಂಡಿರುತ್ತಿದ್ದವು. ಅಪ್ಪ ಅದನ್ನು ನೋಡಿಯೂ ನೋಡದವನ ಹಾಗೆ ಉಳಿ ಮಸೆಯಲು ಹೋಗುತ್ತಿದ್ದ. ಆದರೆ ಹೂ ಎಷ್ಟು ದಿನ ಗುಡಿಸುವುದು? ಮರದ ನೆತ್ತಿ ಬೋಳಾಗುತ್ತ ಬರುತ್ತಿತ್ತು. ಅಧ್ಯಕ್ಷರು ದಿನಾ ನಮ್ಮ ಬೀದಿಯಲ್ಲಿ ಸುಮ್ಮನೆ ಹಾದುಹೋಗತೊಡಗಿದರು, ತಲೆಯೆತ್ತಿಕೊಂಡು.

ಕೊನೆಗೆ ದೋಣಿಯವರೆಲ್ಲ ಸಾಕಮ್ಮನವರ ಜಗುಲಿಯ ಮುಂದೆ ಬಂದು ಕೂತರು. ಕೆರೆಗೆ ಹಾಕಿದ ಹೆಪ್ಪು ಅವರ ಮನೆಯದೇ ಆಗಿದ್ದರೆ ಅವರ ಕೈಗೆ ಕೆರೆ ಬಿಡಬೇಕಿತ್ತು. ಬಿಟ್ಟಿಲ್ಲ. ಹಾಗಾದರೆ ಹೆಪ್ಪು ಯಾರದು? ಸಾಕಮ್ಮನವರು ಸೆರಗಿನ ತುದಿ ಸುತ್ತುತ್ತ, "ಅವತ್ತು ಮನೇಲಿ ಮೊಸರಿರಲಿಲ್ಲ" ಎಂದರು.

"ಎರಡು ಹಸು ಕರೆಯೋ ಮನೇಲಿ ಮೊಸರಿಲ್ವೇ?" ಎಂದಳು ಅಜ್ಜಿ. ನಾವೂ ಹೋಗಿದ್ದೆವು, ಊರೇ ಹೋಗಿತ್ತು.

ಸಾಕಮ್ಮನವರು ಲೋಕನಾಥನ ಕಡೆ ನೋಡಿದರು. ಅವನು ಕೊಡೆಯನ್ನು ಸ್ವಲ್ಪ ಕೆಳಗಿಳಿಸಿದ. "ಅವತ್ತು ಬದನೆಕಾಯಿ ಗೊಜ್ಜು ಖಾರ ಇತ್ತು ಅತ್ತೆ. ಅದಕ್ಕೆ ಮೊಸರನ್ನ ಸ್ವಲ್ಪ ಜಾಸ್ತಿ ಆಯ್ತು."

ಹೆಪ್ಪು ಎಲ್ಲಿಂದ ತಂದರು ಎಂದು ಕೇಳಿದ್ದಕ್ಕೆ ಸಾಕಮ್ಮನವರು ಯಾರೂ ಕೊಡಲಿಲ್ಲ ಎಂದರು. ಅದು ಸುಳ್ಳಲ್ಲ. ದೀಪ ಹಚ್ಚಿದ ಮೇಲೆ ಮನೆಯ ಹೆಪ್ಪನ್ನು ಹೊರಗೆ ಕೊಡಬಾರದು, ಕೊಟ್ಟರೆ ಮನೆಯ ಲಕ್ಷ್ಮಿಯೇ ಹೊರಟು ಹೋಗುತ್ತಾಳೆ. ಆದರೆ ನೆರೆಯವರಿಗೆ ಇಲ್ಲ ಎನ್ನುವುದು ಹೇಗೆ? ಅದಕ್ಕೆ ನಮ್ಮಲ್ಲಿ ಒಂದು ದಾರಿಯಿದೆ. ಮನೆಯವಳು ಬಟ್ಟಲನ್ನು ಜಗುಲಿಯ ಮೇಲಿಟ್ಟು, ಗೋಡೆ ಕಡೆ ತಿರುಗಿ ಕೂರುತ್ತಾಳೆ. ಬಂದವಳು ತೆಗೆದುಕೊಂಡು ಹೋಗುತ್ತಾಳೆ. ಕೊಟ್ಟವರೂ ಇಲ್ಲ, ಇಸಕೊಂಡವರೂ ಇಲ್ಲ. ಲಕ್ಷ್ಮಿಗೂ ಏನೂ ಗೊತ್ತಾಗುವುದಿಲ್ಲ.

"ಯಾರ ಜಗುಲೀಲಿ ಸಿಕ್ತು ಅಂತ ಹೇಳಿ, ಸಾಕು" ಎಂದರು ದೋಣಿಯವರು.

ಜಗುಲಿ ದರ್ಜಿ ಜಯಕ್ಕನದು. ಎಲ್ಲರೂ ಎದ್ದು ಜಯಕ್ಕನ ಮನೆಗೆ ಹೋದೆವು. ಜಯಕ್ಕ ಹೊಲಿಗೆಯಂತ್ರ ನಿಲ್ಲಿಸದೆಯೇ, "ನಾನು ಕೊಡಲಿಲ್ಲಪ್ಪ. ಗೋಡೆ ನೋಡ್ತಿದ್ದೆ" ಎಂದಳು. ಆ ಹೆಪ್ಪು ನಿನ್ನದೇನಾ ಎಂದರೆ, ಯಂತ್ರ ನಿಂತಿತು. ತನ್ನ ಮೊಸರು ಅವತ್ತು ಹುಳಿಯಾಗಿತ್ತು, ಅಧ್ಯಕ್ಷರ ಮನೆಗೆ ಹುಳಿ ಮೊಸರು ಕೊಡುವುದು ಹೇಗೆಂದು ಹಿತ್ತಲಿಂದ ಓಡಿಹೋಗಿ ಪುಟ್ಟಸ್ವಾಮಿ ಮೇಷ್ಟರ ಜಗುಲಿಯಿಂದ ತಂದಿದ್ದಳಂತೆ. ಮೆರವಣಿಗೆ ಮೇಷ್ಟರ ಮನೆಗೆ ತಿರುಗಿತು. ಒಂಟಿಯಾಗಿದ್ದು ತಾವೇ ಅಡುಗೆ ಮಾಡಿಕೊಳ್ಳುವ ಮೇಷ್ಟರು ತಮ್ಮ ಗಟ್ಟಿ ಮೊಸರಿನ ಬಗ್ಗೆ ಶಾಲೆಯಲ್ಲೂ ಪಾಠದ ನಡುವೆ ಹೇಳುತ್ತಿದ್ದವರು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಹೆಪ್ಪು ಹಾಕಿದ್ದು ನಾನೇ. ಆದರೆ ಮೂಲ ಹೆಪ್ಪು ಅಂತ ಕೇಳಿದರೆ..." ಎಂದು ನಮ್ಮ ಅಜ್ಜಿಯ ಕಡೆ ನೋಡಿದರು.

ಊರೆಲ್ಲ ಅಜ್ಜಿಯ ಕಡೆ ತಿರುಗಿತು.

"ನನ್ನ ಯಾಕೆ ನೋಡ್ತೀರಿ? ನಾನೂ ಗೋಡೆ ನೋಡ್ತಿದ್ದೆ" ಎಂದಳು ಅಜ್ಜಿ.

ಅಷ್ಟರಲ್ಲಿ ಗುಂಪಿನ ಬೇರೆ ಬೇರೆ ಮೂಲೆಗಳಿಂದ ಬೇರೆ ಬೇರೆ ಹೆಂಗಸರು ತಾವೂ ಆ ಹೆಪ್ಪು ಒಯ್ದದ್ದನ್ನು ಒಪ್ಪಿಕೊಳ್ಳತೊಡಗಿದರು. ಅಜ್ಜಿ ಆಚೆ ದಡದಿಂದ ತಂದ ಮೊಸರು ಬಹಳ ಗಟ್ಟಿ ಎಂಬ ಸುದ್ದಿ ಹೇಗೋ ಹಬ್ಬಿ, ಒಂದೊಂದು ಚಮಚವಾಗಿ, ಒಂದೊಂದು ಜಗುಲಿಯಾಗಿ, ಅದು ಚಳಿಗಾಲದೊಳಗೆ ಊರಿನ ಅಡುಗೆಮನೆಗಳನ್ನೆಲ್ಲ ಸುತ್ತಿಬಿಟ್ಟಿತ್ತು.

ಅಜ್ಜಿಯನ್ನು ಕಟ್ಟೆಗೆ ಕರೆದುಕೊಂಡು ಹೋದರು. ಅವಳು ಕಡಗೋಲು ಊರಿ ತಿರುವಿದಳು. ಕೆರೆ ಅವಳ ಸೊಂಟವನ್ನು ಹಿಡಿಸಿತೇ ಹೊರತು ಬಿಡಲಿಲ್ಲ. "ನನ್ನದಲ್ಲ, ನೋಡಿದ್ರಲ್ಲ" ಎಂದು ಅಜ್ಜಿ ಮೆಟ್ಟಿಲ ಮೇಲೆ ಕೂತಳು. "ತಿಮ್ಮಾಜಮ್ಮ ಕೊಟ್ಟಿದ್ದು. ಅವಳ ಅತ್ತೆ ಕಾಲದ್ದಂತೆ. ಅವಳೇ ಬಂದು ಕಡೀಬೇಕು."

ತಿಮ್ಮಾಜಮ್ಮ ಇರುವುದು ಆಚೆ ದಡದಲ್ಲಿ, ದೋಣಿಯಲ್ಲದೆ ಅಲ್ಲಿಗೆ ಬೇರೆ ದಾರಿಯಿಲ್ಲ. ಅವಳು ಕಡೆದರೆ ಕೆರೆ ಬಿಡುತ್ತದೆ. ಕೆರೆ ಬಿಟ್ಟರೆ ದೋಣಿ ಹೋಗಿ ಅವಳಿಗೆ ಕಡೆಯಲು ಹೇಳಬಹುದು. ಲೋಕನಾಥ ಒಂದು ಉಪಾಯ ಹೇಳಿದ. "ಚಪ್ಪಲಿ ಬಿಟ್ಟು, ಕಾಲು ತೊಳ್ಕೊಂಡು ನಡೆದು ಹೋದ್ರೆ?" ಊರಿನ ಹಿರಿಯರು ಅವನನ್ನು ನೋಡಿದ ನೋಟಕ್ಕೆ ಅವನು ಕೊಡೆಯನ್ನು ಪೂರ್ತಿ ಮುಚ್ಚಿದ.

ಎರಡು ದಡಗಳ ನಡುವೆ ಚಳಿಗಾಲದಲ್ಲಿ ಬಟ್ಟೆಯ ಮಾತು ನಡೆಯುತ್ತದೆ. ಕಟ್ಟೆಯ ಎತ್ತರದ ಕಂಬಕ್ಕೆ ಕೆಂಪು ಸೀರೆ ಕಟ್ಟಿದರೆ ಮಗು ಹುಟ್ಟಿದೆ ಅಂತ, ಬಿಳಿ ಪಂಚೆ ಕಟ್ಟಿದರೆ ಯಾರೋ ತೀರಿಕೊಂಡರು ಅಂತ. ಒಮ್ಮೆ ಜಯಕ್ಕ ತನ್ನ ಕೆಂಪು ಸೀರೆಯನ್ನು ಬೇಗ ಒಣಗಲಿ ಎಂದು ಆ ಕಂಬಕ್ಕೆ ಕಟ್ಟಿದ್ದಕ್ಕೆ, ಆಚೆ ದಡದವರು ಸಂಜೆಯವರೆಗೆ ತಮಟೆ ಬಾರಿಸಿದ್ದರು. ಆದರೆ ಕೆರೆಗೆ ಬಿದ್ದ ಹೆಪ್ಪು ನಿಮ್ಮದು ಅನ್ನುವುದಕ್ಕೆ ಯಾವ ಬಟ್ಟೆ? ಬಹಳ ಚರ್ಚೆಯಾಗಿ, ಕೊನೆಗೆ ಸಾಕಮ್ಮನವರ ಕಡಗೋಲನ್ನೇ ಕಂಬದ ತುದಿಗೆ ಕಟ್ಟಿದರು. ಬೆಳ್ಳಿಯ ಕಟ್ಟು ಬಿಸಿಲಿಗೆ ಹೊಳೆಯಿತು. ಆಮೇಲೆ ಎಲ್ಲರೂ ಕೈಯನ್ನು ಹುಬ್ಬಿಗಿಟ್ಟುಕೊಂಡು ಕಾದೆವು.

ಆಚೆ ದಡದಲ್ಲಿ ಜನ ಸೇರಿದರು, ಇರುವೆಗಳಷ್ಟು. ಅವರಲ್ಲಿ ಒಂದು ಹಳದಿ ಇರುವೆ ಕುಂಟುತ್ತ, ಸೈನ್ಯದ ಮುಂದೆ ನಡೆಯುವ ಹಾಗೆ ನಡೆದು ಬಂತು. ತಿಮ್ಮಾಜಮ್ಮ ನಮ್ಮ ಕಡಗೋಲನ್ನು ನೋಡಿದಳು. ನೀರಿನ ಅಂಚಿಗೆ ಬರಲಿಲ್ಲ. ತಿರುಗಿ ತನ್ನ ಮನೆಯ ಮುಂದಿನ ಕಂಬದ ಹತ್ತಿರ ಹೋಗಿ, ಒಂದು ಕೋಲೆತ್ತಿ, ತುದಿಯಲ್ಲಿದ್ದ ಆ ಕಾಗೆಗೆ ಬಡಿದಳು. ಕಾಗೆ ಹಾರಲಿಲ್ಲ. ಇನ್ನೊಮ್ಮೆ ಬಡಿದಳು. ಕೆನೆಯ ಮೇಲೆ ಜಾರಿಕೊಂಡು ಸದ್ದು ನಮ್ಮವರೆಗೆ ಬಂತು. ಟಣ್.

"ಅಜ್ಜಿ, ಅದು ಕಾಗೆಯಲ್ಲ, ಗಡಿಗೆ" ಎಂದೆ ನಾನು.

"ಗಡಿಗೆ ಬೋರಲು ಹಾಕಿದ್ದಾಳೆ. ಮನೇಲಿ ಮೊಸರಿಲ್ಲ ಅಂತ ಅರ್ಥ" ಎಂದರು ಮೇಷ್ಟರು. ಅಧ್ಯಕ್ಷರಿಗೆ ಅದು ಬೈಗುಳದ ಹಾಗೆ ಕಂಡಿತು. ನಮ್ಮ ಮೇಲೆ ಮಾಟ ಮಾಡಿಸಿದ್ದಾಳೆ ಎಂದು ಯಾರೋ ಪಿಸುಗುಟ್ಟಿದರು. ಅಷ್ಟರಲ್ಲಿ ಅಪ್ಪ ಕೆಲಸದ ಮಧ್ಯೆ ಎದ್ದು ಬಂದವನು ಗುಂಪಿನಲ್ಲಿ ದಾರಿ ಮಾಡಿಕೊಂಡು ಮುಂದೆ ಬಂದ. ಒಂದು ಕೈಯಲ್ಲಿ ಕುಂಚ. ಇನ್ನೊಂದು ಕೈಯಲ್ಲಿ ಹುಟ್ಟಿಗೆ ಬಳಿಯುವ ರಾಳ ತುಂಬಿದ ಒಂದು ಸಣ್ಣ ಕರೀ ಗಡಿಗೆ, ಕಂಠದ ಸುತ್ತ ಬಿಳಿಯ ಚುಕ್ಕೆ. ಮೊಸರು ಮುಗಿದ ಮೇಲೆ ಅಳತೆಗೆ ಸರಿಯಾಗಿದೆ ಎಂದು ಅವನು ಅದನ್ನು ಅಡುಗೆಮನೆಯಿಂದ ಒಯ್ದಿದ್ದ.

ಸಾಕಮ್ಮನವರು ಆ ಗಡಿಗೆಯನ್ನು ನೋಡಿದರು. ಆಚೆ ದಡದ ಕಂಬ ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಸಾಕಮ್ಮನವರ ತವರು ಆಚೆ ದಡ. ಅವರಿಗೆ ಏನೋ ಗೊತ್ತಾಯಿತು ಎನ್ನುವುದು ಅವರ ಮುಖದಲ್ಲೇ ಕಂಡಿತು. ಅದನ್ನು ಹೇಳಲು ಅವರಿಗೆ ಮನಸ್ಸಿಲ್ಲ ಎನ್ನುವುದೂ ಕಂಡಿತು. ಅವರು ಗಂಡನನ್ನು ನೋಡಿದರು, ಲೋಕನಾಥನನ್ನು ನೋಡಿದರು. ಆಮೇಲೆ ಆಚೆ ದಡದ ಕಡೆ ತಿರುಗಿದರು. ಅಲ್ಲಿ ಅವರ ತಾಯಿಯ ಮನೆಯ ಹೊಗೆ ಏಳುತ್ತಿತ್ತು.

"ಅದು ಜೋಡಿ ಗಡಿಗೆ" ಎಂದರು ಕೊನೆಗೆ, ಯಾರಿಗೂ ಅಲ್ಲದ ಹಾಗೆ. "ನಮ್ಮ ಕಡೆ ಹೆಣ್ಣು ಒಪ್ಪಿಗೆಯಾದ್ರೆ ಬಾಯಲ್ಲಿ ಹೇಳಲ್ಲ. ಮನೆ ಹೆಪ್ಪನ್ನ ಒಂದು ಗಡಿಗೇಲಿ ಹಾಕಿ ಹುಡುಗಿ ಮಡಿಲಿಗೆ ಇಡ್ತಾರೆ. ಅದರ ಜೋಡಿನ ಕಂಬಕ್ಕೆ ಬೋರಲು ಹಾಕ್ತಾರೆ, ಈ ಮನೆಗೆ ಸೊಸೆ ಗೊತ್ತಾದಳು ಅಂತ. ನಂಗೂ ಹಂಗೇ ಇಡಬೇಕಿತ್ತು. ಈ ಕಡೆಯೋರಿಗೆ ಗೊತ್ತಿಲ್ಲ ಅಂತ ನಮ್ಮೋರು ಬಿಟ್ಟುಬಿಟ್ಟರು."

"ಅದಕ್ಕೂ ಕೆರೆಗೂ ಏನು ಸಂಬಂಧ?" ಎಂದರು ಅಧ್ಯಕ್ಷರು.

"ಹೆಪ್ಪು ಈಗ ತಿಮ್ಮಾಜಮ್ಮಂದಲ್ಲ. ಮಡಿಲಿಗೆ ಇಟ್ಟ ಮೇಲೆ ಅದು ಇವಳದು. ಊರೆಲ್ಲ ತಿಂದದ್ದು ಇವಳ ಹೆಪ್ಪು. ಕೆರೆಗೆ ಬಿದ್ದದ್ದೂ ಇವಳದೇ."

ನನ್ನ ಕಿವಿಯಲ್ಲಿ "ಕೊಟ್ಟಿದ್ದಾಳಲ್ಲ" ಎಂಬ ಮಾತು ಮತ್ತೆ ಕೇಳಿಸಿತು, ಈ ಸಲ ಸರಿಯಾಗಿ. ಉತ್ತರ ಹಂಸದ ಕೊರಳಲ್ಲಿ ಬರಲಿಲ್ಲ, ಮೀನಿನ ಹೊಟ್ಟೆಯಲ್ಲಿ ಬರಲಿಲ್ಲ. ನನ್ನ ಮಡಿಲಲ್ಲೇ ಕೂತು ದೋಣಿಯಲ್ಲಿ ಬಂದಿತ್ತು. ನಾನದನ್ನು ಮನೆಗೆ ತಂದು, ಒಲೆಯ ಪಕ್ಕ ಇಟ್ಟು, ಉತ್ತರ ಯಾವಾಗ ಬರುತ್ತದೋ ಎಂದು ಕಿಟಕಿಯಲ್ಲಿ ಕಾಯುತ್ತ ಕೂತಿದ್ದೆ. ಅಷ್ಟರಲ್ಲಿ ಇಡೀ ಊರು ನನ್ನ ಮದುವೆಯ ಮಾತನ್ನು ಅನ್ನಕ್ಕೆ ಕಲಸಿ, ಉಪ್ಪಿನಕಾಯಿ ನಂಚಿಕೊಂಡು ಊಟ ಮಾಡಿತ್ತು. ಲೋಕನಾಥ ಎಲ್ಲರಿಗಿಂತ ಹೆಚ್ಚು.

ಕಂಬದಿಂದ ಕಡಗೋಲು ಇಳಿಸಿ ನನ್ನ ಕೈಗೆ ಕೊಟ್ಟರು. ಕೊಟ್ಟವರು ಸಾಕಮ್ಮನವರೇ. "ಯೋಚನೆ ಮಾಡು ಮಗಳೆ" ಎಂದರು ಮೆಲ್ಲಗೆ. "ಕೆರೆ ಬಿಟ್ರೆ ನೀನು ಆ ಮನೆಯೋಳು ಅಂತ ಎರಡು ದಡವೂ ನೋಡುತ್ತೆ. ಆಮೇಲೆ ಮರ್ತೆ ಅನ್ನೋ ಹಂಗಿಲ್ಲ."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ನನ್ನನ್ನು ನೋಡದೆ, ಕಟ್ಟೆಯ ಮೇಲೆ ನಿಂತಲ್ಲಿಂದ ಕಾಣುವ ನಮ್ಮ ಮನೆಯ ಹೊಂಗೆಯನ್ನು ನೋಡುತ್ತಿದ್ದ. ಮರ ಬೋಳಾಗಿತ್ತು. ನೆಲವೆಲ್ಲ ಬೆಳ್ಳಗಿತ್ತು. ಅವತ್ತು ಅಜ್ಜಿಗೆ ಗುಡಿಸಲು ಹೊತ್ತು ಸಿಕ್ಕಿರಲಿಲ್ಲ.

"ಹೂ ಇನ್ನೂ ಉದುರಿಲ್ಲ" ಎಂದ ಅಪ್ಪ ಗಟ್ಟಿಯಾಗಿ.

ಅಧ್ಯಕ್ಷರು ಬಾಯಿ ತೆರೆದರು. ಸಾಕಮ್ಮನವರು, "ನಂಗೂ ಉದುರಿದ ಹಾಗೆ ಕಾಣಿಸ್ತಿಲ್ಲ" ಎಂದರು. ಅಧ್ಯಕ್ಷರು ಬಾಯಿ ಮುಚ್ಚಿದರು.

ನಾನು ಮೆಟ್ಟಿಲಿಳಿದೆ. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ, ಮೋಡ ನೋಡಲಿಲ್ಲ. ಕೊನೆಯ ಮೆಟ್ಟಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಕಡಗೋಲನ್ನು ಕೆನೆಗೆ ಊರಿ, ಆಚೆಗೊಮ್ಮೆ ತಿರುವಿದೆ. ಈಚೆಗೆ ತಿರುವುವ ಮೊದಲೇ ಕಡಗೋಲಿನ ಬುಡದಿಂದ ಒಂದು ಗೆರೆ ಹೊರಟಿತು. ಮೊದಲು ಕೂದಲಷ್ಟು, ಆಮೇಲೆ ಬೆರಳಷ್ಟು. ಅದು ಗೊತ್ತಿರುವ ಮನೆಗೆ ಹೋಗುವವರ ಹಾಗೆ ನೆಟ್ಟಗೆ ಆಚೆ ದಡದ ಆ ಕಂಬದ ಕಡೆಗೇ ಓಡಿತು. ಕೆರೆಯ ಉದ್ದಗಲಕ್ಕೂ ಕೆನೆ ಗುಡುಗುಟ್ಟಿ ಬಿರಿಯಿತು. ತುಂಡುಗಳು ಒಂದಕ್ಕೊಂದು ತಾಗಿ, ಕರಗಿ, ನೋಡುನೋಡುತ್ತಿರುವಾಗಲೇ ನೀರು ನನ್ನ ಪಾದಕ್ಕೆ ಬಂದು ತಾಗಿತು, ಮಜ್ಜಿಗೆಯಷ್ಟು ತಣ್ಣಗೆ. ಆಚೆ ದಡದಲ್ಲಿ ತಮಟೆ ಶುರುವಾಯಿತು. ಈಚೆ ವಾಲಗದವರು ವಾಲಗ ಹುಡುಕಿಕೊಂಡು ಮನೆಗೆ ಓಡಿದರು.

ಮೊದಲ ದೋಣಿ ಆಚೆಯಿಂದ ಬಂತು. ಕೆನೆಯ ತುಂಡುಗಳ ನಡುವೆ ದಾರಿ ಮಾಡಿಕೊಂಡು, ಒಂದೇ ಹುಟ್ಟಿನಲ್ಲಿ. ಇನ್ನೊಂದು ಮುರಿದಿತ್ತು. ನೀಲಕಂಠ ಕಟ್ಟೆಗೆ ಹಗ್ಗ ಬಿಗಿದು, ನನ್ನನ್ನು ನೋಡಿ, ಏನೋ ಹೇಳಲು ಹೊರಟು, ಬಿಟ್ಟ. "ಬಂದ್ವಿ" ಎಂದ. ಅದಕ್ಕಿಂತ ಹೆಚ್ಚೇನೂ ಬೇಕಾಗಿರಲಿಲ್ಲ, ಆದರೂ ಅವನಿಗೆ ಮಾತು ಕಲಿಸಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ತಿಮ್ಮಾಜಮ್ಮ ದೋಣಿಯಿಂದ ಇಳಿಯಲಿಲ್ಲ. ದೋಣಿಯಲ್ಲೇ ನಿಂತು ಕೈ ಚಾಚಿದಳು. "ಗಡಿಗೆ ಎಲ್ಲಮ್ಮ? ಒಪ್ಪಿಗೆಯಾದ್ರೆ ಅದರ ತುಂಬ ನಿನ್ನ ಕೈಯ ಮೊಸರು ಹಾಕಿ ವಾಪಸು ಕೊಡಬೇಕು. ಚಳಿಗಾಲವೆಲ್ಲ ಕಾದೆ."

ಅಪ್ಪ ಕೈಯಲ್ಲಿದ್ದ ಗಡಿಗೆಯನ್ನು ಬೆನ್ನ ಹಿಂದೆ ಅಡಗಿಸಲು ನೋಡಿದ. ಆಗಲಿಲ್ಲ, ರಾಳ ಅವನ ಅಂಗಿಗೆ ಅಂಟಿಕೊಂಡಿತು. ತಿಮ್ಮಾಜಮ್ಮ ಗಡಿಗೆಯನ್ನು ಕಿತ್ತುಕೊಂಡು, ಮೂಸಿ ನೋಡಿ, ಮಗನ ಕಡೆ ತಿರುಗಿದಳು.

"ಮರೀತೀನಿ ಅಂತ ಹುಡುಗಿ ಮೊದಲೇ ಹೇಳಿದ್ದಳು" ಎಂದಳು. "ನಾವು ಕೇಳಿಸಿಕೊಂಡಿದ್ವಿ. ಈಗ ಏನಂತ ಬೈಯೋದು?"

ಗಡಿಗೆಯನ್ನು ಮರಳು ಹಾಕಿ ತಿಕ್ಕಲು ಅಪ್ಪನೂ ನೀಲಕಂಠನೂ ಕೂತರು, ರಾಳದ ವಿಷಯ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಇನ್ನು ಅದಕ್ಕೆ ತುಂಬುವ ಮೊಸರು. ನನ್ನ ಮೊಸರು ಮುಗಿದು ಎಷ್ಟು ಕಾಲವಾಗಿತ್ತೋ, ಮತ್ತೆ ಹೆಪ್ಪು ಹಾಕಲು ಮರೆತಿದ್ದೆ. ಆದರೆ ಊರಿನ ಯಾವ ಮನೆಯಿಂದ ತಂದರೂ ಅದು ನನ್ನದೇ. ಹಾಡುಹಗಲು ಬೇರೆ, ಯಾರೂ ಗೋಡೆ ನೋಡಬೇಕಾಗಿರಲಿಲ್ಲ. ಜಯಕ್ಕ ಬಟ್ಟಲು ತಂದಳು, ಮೇಷ್ಟರು ಚರಿಗೆ ತಂದರು, ಹೆಸರೇ ಗೊತ್ತಿಲ್ಲದ ಮನೆಗಳಿಂದ ಪಾತ್ರೆಗಳು ಬಂದವು. ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ದೊಡ್ಡ ಕುಡಿಕೆಯನ್ನು ಎದೆಗವುಚಿಕೊಂಡು, ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಲೋಕನಾಥ ಬಂದ. "ಅತ್ತೆ ಕೊಟ್ಟು ಕಳಿಸಿದ್ರು" ಎಂದ, ನಗುತ್ತಲೇ, ಕಣ್ಣು ಸ್ವಲ್ಪ ಬೇರೆ ಕಡೆ ಇಟ್ಟುಕೊಂಡು.

ಎಲ್ಲರ ಮೊಸರಿಗಿಂತ ಅದೇ ಗಟ್ಟಿಯಾಗಿತ್ತು, ಅದನ್ನೇ ಗಡಿಗೆಗೆ ತುಂಬಿ ಕೊಟ್ಟೆ. ಕುಡಿಕೆಯ ಮುಚ್ಚಳ ತೆಗೆದಾಗ ಒಂದು ಪಕ್ಕದಲ್ಲಿ ಮಾತ್ರ ಚಮಚ ಇಳಿದ ಗುರುತಿತ್ತು. ತಿಮ್ಮಾಜಮ್ಮ ಅದನ್ನು ನೋಡಿದಳು, ಲೋಕನಾಥನ ಮೀಸೆಯನ್ನೂ ನೋಡಿದಳು, ಗಡಿಗೆಯನ್ನು ಸೆರಗಿನಿಂದ ಮುಚ್ಚಿಕೊಂಡಳು.